ಹಳೆಯ ಯಂತ್ರ, ಹೊಸ ಮಿದುಳು

ಈ ಮಹಾನಗರದಲ್ಲಿ ನೆಲೆಸಿದ ನಮ್ಮವರ ಪೈಕಿ ಹದಿಹರೆಯದ ಮಕ್ಕಳಿರುವ ಮನೆಗಳಲ್ಲಿ ಈಗೊಂದು ಬೇಡಿಕೆ ಕೇಳಿಬರುತ್ತಿದೆ: "ಅಪ್ಪಾ, ಕಂಪ್ಯೂಟರಿನ ಪ್ರೊಸೆಸರ್ ಬದಲಿಸಬೇಕು." ಏಳೆಂಟು ವರ್ಷಗಳ ಹಿಂದೆ ಕೊಂಡ ಯಂತ್ರ, ಓದಿಗೂ ಅದೇ, ಆಟಕ್ಕೂ ಅದೇ. ಹೊಸ ಆಟಗಳನ್ನು ಹಾಕಿದರೆ ತಡವರಿಸುತ್ತದೆ. ಅಪ್ಪ ಬೆಲೆ ಕೇಳುತ್ತಾರೆ, ಅಮ್ಮ ಪರೀಕ್ಷೆಯ ತಾರೀಖು ನೆನಪಿಸುತ್ತಾರೆ, ಅಜ್ಜ "ಆಟಕ್ಕೆ ಇಷ್ಟು ಖರ್ಚೇ?" ಎನ್ನುತ್ತಾರೆ. ಮಾತು ಅಲ್ಲಿಗೆ ನಿಲ್ಲುತ್ತದೆ. ನಮಗಾದರೋ ಇದು ಅಷ್ಟು ಸಣ್ಣ ವಿಷಯವೆಂದು ತೋರುವುದಿಲ್ಲ. ಸಾಕು ಎಂಬುದನ್ನು ಯಾರು, ಯಾವ ಅಳತೆಯಿಂದ ನಿರ್ಧರಿಸಬೇಕೆಂಬ ಹಳೆಯ ಪ್ರಶ್ನೆಯೇ ಇಲ್ಲಿ ಹೊಸ ವೇಷ ಕಟ್ಟಿಕೊಂಡು ಬಂದಿದೆ.

ಅಜ್ಜನ ಆಕ್ಷೇಪವನ್ನು ಮೊದಲು ಬದಿಗಿಡೋಣ. ಊರಿನಿಂದ ಯಕ್ಷಗಾನ ಮೇಳ ಬಂದಾಗ ಆಟಕ್ಕೆ ವಂತಿಗೆ ಕೊಡುವ ನಾವು, ಆಟಕ್ಕೆ ಖರ್ಚೇಕೆಂದು ಎಂದೂ ಕೇಳಿದವರಲ್ಲ. ಬೆಳಗಾಗುವವರೆಗೆ ಕುಳಿತು ನೋಡಿದವರೂ ನಾವೇ. ಮಕ್ಕಳ ಆಟದ ಬಗೆ ಬೇರೆ, ಅಷ್ಟೆ. ವಿನೋದಕ್ಕೆ ಖರ್ಚು ಮಾಡುವುದು ತಪ್ಪಲ್ಲವೆಂದು ಒಪ್ಪಿಕೊಂಡ ಮೇಲೆಯೇ ನಿಜವಾದ ಕಷ್ಟ ಆರಂಭವಾಗುವುದು.

ಯಂತ್ರ ನಿಧಾನವಾಗಿದೆ ಎಂಬುದು ದೂರು, ರೋಗದ ಹೆಸರಲ್ಲ. ಜ್ವರವೆಂದು ಬಂದವನಿಗೆ ನಾಡಿ ನೋಡದೆ ಔಷಧ ಕೊಡುವ ವೈದ್ಯರನ್ನು ನಾವು ಮೆಚ್ಚುವುದಿಲ್ಲ. ಇಲ್ಲಿ ಮಾತ್ರ ಅಂಗಡಿಯವನು ಹೇಳಿದ್ದೇ ಚೀಟಿ. ಆದರೆ ನಾಡಿ ನೋಡುವ ಉಪಾಯ ಬಹಳ ಸುಲಭವಾಗಿದೆ. ಆಟದ ಸೆಟ್ಟಿಂಗಿನಲ್ಲಿ ಚಿತ್ರದ ರೆಸಲ್ಯೂಶನ್ ತಗ್ಗಿಸಿ ನೋಡಬೇಕು. ಆಗ ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ ಚೆನ್ನಾಗಿ ಏರಿದರೆ, ಸೋತಿರುವುದು ಗ್ರಾಫಿಕ್ಸ್ ಕಾರ್ಡ್. ಪ್ರೊಸೆಸರ್ ಬದಲಿಸಿ ಪ್ರಯೋಜನವಿಲ್ಲ. ಏರದೆ ಇದ್ದಲ್ಲಿಯೇ ಇದ್ದರೆ ಮಗನ ಮಾತು ಬಹುಮಟ್ಟಿಗೆ ಸರಿ. ಅದಕ್ಕೂ ಮೊದಲು, ಫ್ಯಾನಿಗೆ ಮೆತ್ತಿಕೊಂಡ ಧೂಳು ತೆಗೆಯುವುದು, ಚಿಪ್ಪಿನ ಮೇಲೆ ಒಣಗಿಹೋದ ಪೇಸ್ಟನ್ನು ಹೊಸದಾಗಿ ಹಚ್ಚುವುದು. ಮೆಮೊರಿಯ ಮೇಲೆ 3200 ಎಂದು ಅಚ್ಚಾಗಿದ್ದರೂ ಬಯಾಸ್‌ನಲ್ಲಿ ಒಂದು ಆಯ್ಕೆಯನ್ನು ಬದಲಿಸದ ಕಾರಣ ಅದು ವರ್ಷಗಟ್ಟಲೆ 2133ರಲ್ಲಿ ತೆವಳುತ್ತಿರುವುದೂ ಉಂಟು. ಇವಕ್ಕೆಲ್ಲ ಒಂದು ಭಾನುವಾರ ಸಾಕು. ಕೊಳ್ಳುವುದರಲ್ಲಿರುವ ಉತ್ಸಾಹ ತೊಳೆಯುವುದರಲ್ಲಿ ಇರುವುದಿಲ್ಲವೆಂಬುದು ಬೇರೆ ಮಾತು.

ಒಂದು ನಿರ್ದಿಷ್ಟ ಉದಾಹರಣೆ ನೋಡೋಣ. 2017ರಲ್ಲಿ ಕೊಂಡ, ಎಎಂಡಿ ಕಂಪನಿಯ ರೈಜನ್ 5 1600 ಎಂಬ ಪ್ರೊಸೆಸರ್ ಇರುವ ಯಂತ್ರ. ಅದರ ಎಎಂ4 ಎಂಬ ಸಾಕೆಟ್ಟಿನಲ್ಲಿಯೇ 2022ರಲ್ಲಿ ಬಂದ ರೈಜನ್ 5 5600 ಕೂಡ ಕುಳಿತುಕೊಳ್ಳುತ್ತದೆ. ಆರು ಕೋರ್, 65 ವಾಟ್. ಲೆಕ್ಕಕ್ಕೆ ಎರಡೂ ಒಂದೇ, ಕೆಲಸದಲ್ಲಿ ಬಹಳ ಅಂತರ. ಮದರ್‌ಬೋರ್ಡೂ ಬೇಡ, ಮೆಮೊರಿಯೂ ಬೇಡ. ಹಳೆಯ ಚಿಪ್ಪು ಇರುವಾಗಲೇ ಬಯಾಸನ್ನು ಹೊಸದು ಮಾಡಿಕೊಳ್ಳಬೇಕು, ಆ ಹೊತ್ತಿನಲ್ಲಿ ಕರೆಂಟು ಹೋಗಬಾರದು. ಹೀಟ್‌ಸಿಂಕನ್ನು ತಣ್ಣಗಿರುವಾಗ ಎಳೆಯದೆ, ಯಂತ್ರವನ್ನು ಸ್ವಲ್ಪ ಓಡಿಸಿ ಬೆಚ್ಚಗಾದ ಮೇಲೆ ಆರಿಸಿ, ತಿರುಚಿ ತೆಗೆಯಬೇಕು. ಇಲ್ಲದಿದ್ದರೆ ಪ್ರೊಸೆಸರೇ ಕಿತ್ತುಬಂದು ಪಿನ್ನುಗಳು ಬಾಗುತ್ತವೆ.

ಇಷ್ಟು ಸುಲಭವಾದ ದಾರಿ ತಾನಾಗಿ ತೆರೆದುಕೊಂಡದ್ದಲ್ಲ ಎಂಬುದನ್ನು ಗಮನಿಸಬೇಕು. 2020ರ ಮೇ ತಿಂಗಳಲ್ಲಿ ಕಂಪನಿಯು ತನ್ನ ಮುಂದಿನ ಪೀಳಿಗೆಯ ಪ್ರೊಸೆಸರುಗಳು ಬಿ450, ಎಕ್ಸ್470 ಬೋರ್ಡುಗಳಲ್ಲಿ ನಡೆಯುವುದಿಲ್ಲವೆಂದು ಸಾರಿತು. ಕೊಂಡವರು ಗದ್ದಲವೆಬ್ಬಿಸಿದರು. ಅದೇ ತಿಂಗಳಲ್ಲಿ ನಿರ್ಧಾರ ಬದಲಾಯಿತು. ಇನ್ನೂ ಹಳೆಯದಾದ ಬಿ350ರ ಬಾಗಿಲು 2022ರಲ್ಲಿ ತೆರೆಯಿತು. ಇಂಟೆಲ್‌ನವರ ಕಥೆ ಬೇರೆ. ಅವರ 2017ರ ಎಂಟನೆಯ ಪೀಳಿಗೆಯ ಚಿಪ್ಪಿಗೂ ಹಿಂದಿನದಕ್ಕೂ ಸಂಪರ್ಕಬಿಂದುಗಳು 1151 ಆಗಿದ್ದರೂ, ಹಳೆಯ ಬೋರ್ಡಿನಲ್ಲಿ ಹೊಸದು ಸಲ್ಲದೆಂದರು. ವಿದ್ಯುತ್ ಪೂರೈಕೆಯ ಕಾರಣ ಕೊಟ್ಟರು. ಕೆಲವು ಹವ್ಯಾಸಿಗಳು ಬಯಾಸನ್ನು ತಿದ್ದಿ ಓಡಿಸಿಯೂ ತೋರಿಸಿದರು. ಇನ್ನು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ರೈಜನ್ 5 1600ಕ್ಕೆ ಸ್ಥಾನವಿಲ್ಲ. ಹೀಗೆ ವಸ್ತುವಿಗೆ ಮುಪ್ಪು ಎರಡು ಬಗೆಯಲ್ಲಿ ಬರುತ್ತದೆ. ಒಂದು ಸವೆದು ಬರುವುದು. ಇನ್ನೊಂದು ದೂರದಲ್ಲಿ ಯಾರೋ ಪಟ್ಟಿ ಬರೆದು ಬರುವುದು. ಎರಡನೆಯದನ್ನೂ ಮೊದಲನೆಯದರಂತೆ ವಿಧಿಯೆಂದು ತಲೆಬಾಗಿ ಒಪ್ಪಿಕೊಳ್ಳುವ ಅಭ್ಯಾಸ ನಮಗೆ ಹೇಗೆ ಬಂತೋ!

ಮಗನ ಎರಡನೆಯ ವಾದ ಇನ್ನೂ ಚತುರವಾದುದು: "ಹೇಗೂ ಖರ್ಚು ಮಾಡುವುದೇ ಆದರೆ ಎಲ್ಲವನ್ನೂ ಹೊಸದಾಗಿ, ಒಳ್ಳೆಯದನ್ನೇ ಕೊಂಡುಬಿಡೋಣ, ಹತ್ತು ವರ್ಷ ನೋಡಬೇಕಿಲ್ಲ." ಇದಕ್ಕೆ ಮನೆಯ ಹಿರಿಯರು ಬೇಗ ಸೋಲುತ್ತಾರೆ, ಏಕೆಂದರೆ ಇದು ಅವರದೇ ವಾದ. ಕಂಚಿನ ಪಾತ್ರೆ, ಬೀಟೆಯ ಮಂಚ, ಬಂಗಾರ ಇವೆಲ್ಲವನ್ನೂ ನಾವು ಹಾಗೆಯೇ ಕೊಂಡವರು. ಒಮ್ಮೆ ಕೊಂಡರೆ ಮೊಮ್ಮಕ್ಕಳ ಕಾಲಕ್ಕೂ ಆಯಿತು. ಆದರೆ ಕಂಚಿನ ನೀತಿ ಚಿಪ್ಪಿಗೆ ಹೊಂದುವುದಿಲ್ಲ. ಚಿಪ್ಪಿನಲ್ಲಿ ಅಡಕವಾಗುವ ಬಿಡಿಭಾಗಗಳು ವರ್ಷವರ್ಷ ಇಮ್ಮಡಿಯಾಗುತ್ತವೆಂದು ಗಾರ್ಡನ್ ಮೂರ್ 1965ರಲ್ಲಿ ಬರೆದರು. 1975ರಲ್ಲಿ ಎರಡು ವರ್ಷಕ್ಕೊಮ್ಮೆ ಎಂದು ತಿದ್ದಿದರು. ಆ ಓಟ ಈಗ ಮಂದವಾಗಿದ್ದರೂ ನಿಂತಿಲ್ಲ. ನಾಳೆ ಅಗ್ಗವಾಗುವುದಕ್ಕೆ ಇಂದೇ ದುಬಾರಿ ಬೆಲೆ ಕೊಡುವುದನ್ನು ದೂರದೃಷ್ಟಿ ಎನ್ನಲು ನಮಗೆ ಮನಸ್ಸು ಬಾರದು. 2017ರಲ್ಲಿ ಸಾಧಾರಣವಾದುದನ್ನು ಕೊಂಡು ಐದು ವರ್ಷಗಳ ಮೇಲೆ ಚಿಪ್ಪನ್ನಷ್ಟೇ ಬದಲಿಸಿದವನು, ಅಂದೇ ಅತಿ ದುಬಾರಿಯದನ್ನು ಕೊಂಡು ಅದರಲ್ಲಿಯೇ ಉಳಿದವನಿಗಿಂತ ಆಟದಲ್ಲಿ ಮುಂದೆ ಇದ್ದ. ಮೇಲಾಗಿ, ಮೇಜಿನ ಮೇಲಿನ ಪರದೆ ಸೆಕೆಂಡಿಗೆ 60 ಚಿತ್ರಗಳನ್ನಷ್ಟೇ ತೋರಿಸಬಲ್ಲುದಾದರೆ ಯಂತ್ರ 150 ಬಿಡಿಸಿದರೂ ಹೆಚ್ಚಿನವು ಕಣ್ಣಿಗೆ ಬೀಳುವುದೇ ಇಲ್ಲ. ಎಎಂ5 ಸಾಕೆಟ್ಟಿಗೆ ಹೋದರೆ ಡಿಡಿಆರ್5 ಮೆಮೊರಿಯೂ ಬೇಕು. 2025ರ ಕೊನೆಯ ತಿಂಗಳುಗಳಲ್ಲಿ ಅದರ ಬೆಲೆ ಹೇಗೆ ಏರಿತೆಂದು ಲ್ಯಾಮಿಂಗ್ಟನ್ ರಸ್ತೆಗೆ ಹೋಗಿಬಂದವರಿಗೆ ಗೊತ್ತು.

ನಮ್ಮಂಥ ವಲಸೆಗಾರರ ಮನೆಗಳಲ್ಲಿ ಎಲ್ಲವನ್ನೂ ಹೊಸದಾಗಿ ಕೊಳ್ಳಲು ಇನ್ನೊಂದು ಕಾರಣ ಸಿದ್ಧವಾಗಿರುತ್ತದೆ. "ಹಳೆಯದನ್ನು ಊರಿಗೆ ಕಳಿಸೋಣ, ತಮ್ಮನ ಮಗನಿಗೆ ಆಗುತ್ತದೆ." ನಮ್ಮ ಹಳೆಯ ಮಿಕ್ಸರು, ಟೀವಿ, ಸ್ವೆಟರುಗಳೆಲ್ಲ ಹೋದ ದಾರಿ ಅದೇ. ಚಿಪ್ಪನ್ನು ಮಾತ್ರ ಬದಲಿಸಿದರೆ ಅಂಗೈಗಲದ ಲೋಹದ ಚೂರು ಉಳಿಯುತ್ತದೆ. ಅದನ್ನು ಯಾರಿಗೂ ಉಡುಗೊರೆ ಎನ್ನಲಾಗದು. ಇಡೀ ಯಂತ್ರ ಉಳಿದರೆ ನಾವು ಉದಾರಿಗಳಾಗುತ್ತೇವೆ. ಕೊಡುವ ನೆಪದಲ್ಲಿ ಕೊಳ್ಳುವುದೆಂದರೆ ಇದೇ. ಕಠೋಪನಿಷತ್ತಿನ ನಚಿಕೇತನಿಗೆ ಅಪ್ಪನ ಯಜ್ಞದಲ್ಲಿ ಕಸಿವಿಸಿಯಾದದ್ದು ದಾನ ಮಾಡಿದ್ದಕ್ಕಲ್ಲ, ಹಾಲು ಬತ್ತಿದ ಮುದಿ ಹಸುಗಳನ್ನು ದಾನವೆಂದು ಕರೆದುದಕ್ಕೆ. ಭದ್ರತೆಯ ತಿದ್ದುಪಡಿ ಬರದ ವಿಂಡೋಸ್, ಧೂಳು ತುಂಬಿದ ಪೆಟ್ಟಿಗೆ, ಅಳಿಸದೆ ಬಿಟ್ಟ ನಮ್ಮ ಬ್ಯಾಂಕಿನ ಕಾಗದಪತ್ರಗಳು, ಇವುಗಳ ಸಮೇತ ಕಳಿಸಿದರೆ ಅದು ಬತ್ತಿದ ಹಸುವೇ. ಒರೆಸಿ, ಡಿಸ್ಕ್ ಅಳಿಸಿ, ಲಿನಕ್ಸ್ ಹಾಕಿ, "ಇದರಲ್ಲಿ ಓದು, ಬರಹ, ಪಾಠ ನಡೆಯುತ್ತದೆ, ಹೊಸ ಆಟ ನಡೆಯುವುದಿಲ್ಲ" ಎಂದು ತಿಳಿಸಿ ಕಳಿಸಿದರೆ ಸ್ವಲ್ಪ ಹಾಲಿದೆ ಎನ್ನಬಹುದು. ಅಷ್ಟು ತಾಪತ್ರಯ ಬೇಡವೆನ್ನುವವರು ಅದನ್ನು ಗುಜರಿಯವನಿಗೆ ಕೊಡದೆ ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸಬೇಕು. ದೆಹಲಿಯ ಸೀಲಂಪುರದಂಥ ಕಡೆ ತಂತಿ ಸುಟ್ಟು ತಾಮ್ರ ತೆಗೆಯುವವರ ಶ್ವಾಸಕ್ಕೆ ಹೋಗುವುದು ನಮ್ಮ ಮನೆಯಿಂದ ಹೊರಟದ್ದೇ.

ತಮ್ಮನ ಮಗನಿಗೆ ಕಂಪ್ಯೂಟರು ಬೇಕೇ, ಬೇಕಾದರೆ ಯಾವುದಕ್ಕೆ ಎಂದು ಒಂದು ಫೋನಿನಲ್ಲಿ ಕೇಳಬಹುದು. ಅವನ ಕಾಲೇಜಿನ ಕೆಲಸಕ್ಕೆ ಕೈಯಲ್ಲಿ ಒಯ್ಯುವ ಲ್ಯಾಪ್‌ಟಾಪೇ ಬೇಕಾಗಿರಬಹುದು; ಮನೆಯಲ್ಲಿ ಇಂಥದೊಂದು ಪೆಟ್ಟಿಗೆ ಈಗಾಗಲೇ ಮಂಚದ ಕೆಳಗೆ ಕುಳಿತಿರಲೂಬಹುದು. ನಾವು ಕಂಡಂತೆ ಹೆಚ್ಚಿನ ಮನೆಗಳಿಂದ ಈ ಫೋನು ಹೋಗುವುದು, ಪೆಟ್ಟಿಗೆಯನ್ನು ರಾತ್ರಿಯ ಬಸ್ಸಿಗೆ ಹಾಕಿ ಬಂದ ಮೇಲೆ, "ನಾಳೆ ಬೆಳಗ್ಗೆ ಸ್ಟ್ಯಾಂಡಿಗೆ ಹೋಗಿ ಇಳಿಸಿಕೋ" ಎನ್ನಲಿಕ್ಕೆ.