ಉತ್ತರೆಯ ಮೊರೆ: ಗರ್ಭರಕ್ಷಣೆ ಮತ್ತು ನಮ್ಮ ಕರ್ತವ್ಯ



ಶ್ರೀಹರಿವಾಯುಗುರುಗಳ ಅನುಗ್ರಹದಿಂದ ಉದ್ಯೋಗನಿಮಿತ್ತವಾಗಿ ಊರು ಬಿಟ್ಟು ಬಂದ ನಮ್ಮ ಸಮಾಜದ ಅನೇಕ ಕುಟುಂಬಗಳು ಈ ಚೆನ್ನೈ ಮಹಾನಗರದ ಮೂಲೆಮೂಲೆಗಳಲ್ಲಿ ನೆಲೆಸಿವೆ. ಕಳೆದ ಚಾತುರ್ಮಾಸ್ಯದಲ್ಲಿ ಎಣ್ಣೂರಿನ ಒಬ್ಬ ಗೃಹಸ್ಥರ ಮನೆಗೆ ಪೂಜೆಯ ನಿಮಿತ್ತ ನಾವು ಹೋಗಿದ್ದೆವು. ಗುಮ್ಮಿಡಿಪೂಂಡಿಯ ಕಡೆಗೆ ಹೋಗುವ ಲೋಕಲ್ ರೈಲಿನಲ್ಲಿ ಕುಳಿತರೆ ನಗರದ ಗದ್ದಲ ಹಿಂದಾಗಿ, ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಕೊಸಸ್ತಲೈ ನದಿಯ ಹಿನ್ನೀರು, ನಡುವೆ ಕಾರ್ಖಾನೆಗಳ ಚಿಮಣಿಗಳು ಕಾಣುತ್ತವೆ. ಆ ಗೃಹಸ್ಥರು ರಾಯಚೂರಿನ ಕಡೆಯವರು; ಅಲ್ಲಿಯ ಒಂದು ಕಾರ್ಖಾನೆಯಲ್ಲಿ ನೌಕರಿ.

ಅಂದು ದಶಮಿ. ತೀರ್ಥಪ್ರಸಾದವಾದ ಮೇಲೆ ಆ ಮನೆಯ ಸೊಸೆ ಬಾಗಿಲ ಬಳಿ ಬಂದು ನಿಂತರು. ಚೊಚ್ಚಲ ಗರ್ಭಿಣಿ, 34 ವಾರ ತುಂಬಿತ್ತು. "ಆಚಾರ್ಯರೇ, ನಿನ್ನೆ ಆಸ್ಪತ್ರೆಯಲ್ಲಿ ಅಳತೆ ನೋಡಿದರು. ಮಗು ಚಿಕ್ಕದಾಗಿದೆ ಎಂದರು. ತವರಿಗೆ ಪ್ರಯಾಣ ಮಾಡುವುದೂ ಬೇಡವೆಂದರು. ಹೊಟ್ಟೆ ಬರಿದಾಗಿಡಬಾರದಂತೆ. ನಾಳೆ ಏಕಾದಶಿ. ಉಪವಾಸ ಬಿಟ್ಟರೆ ಪಾಪ, ಮಾಡಿದರೆ ಮಗುವಿಗೆ ಕೊರತೆ. ನಾನು ಯಾವ ಕಡೆ ನಿಲ್ಲಲಿ?" ಎಂದು ಕೇಳುವಾಗ ಅವರ ಕಣ್ಣು ತುಂಬಿ ಬಂದಿತ್ತು. ಅತ್ತೆಯವರು ಒಳಗಿನಿಂದಲೇ, "ನಾನು ನಾಲ್ಕು ಹೆತ್ತೆ, ಒಂದು ಏಕಾದಶಿಯನ್ನೂ ಬಿಡಲಿಲ್ಲ" ಎಂದರು. ಆ ಮಾತಿನಲ್ಲಿ ಕಾಠಿಣ್ಯಕ್ಕಿಂತ ಭಯವೇ ಹೆಚ್ಚಾಗಿತ್ತು. ಅಂದು ಆ ಮನೆಯಲ್ಲಿ ನಾವು ನಿವೇದಿಸಿದ್ದನ್ನು, ಇಂಥದೇ ಚಿಂತೆಯಲ್ಲಿರುವ ಇತರ ಮನೆಗಳಿಗೂ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇವೆ.

ಶ್ರೀಮದ್ಭಾಗವತದ ಪ್ರಥಮಸ್ಕಂಧದಲ್ಲಿ ಇಂಥದೇ ಒಬ್ಬ ಗರ್ಭಿಣಿಯ ಕಥೆ ಬರುತ್ತದೆ. ಯುದ್ಧ ಮುಗಿದು, ಶ್ರೀಕೃಷ್ಣನು ದ್ವಾರಕೆಗೆ ಹೊರಡಲು ರಥವನ್ನೇರುತ್ತಿರುವಾಗ ಅಭಿಮನ್ಯುವಿನ ಪತ್ನಿ ಉತ್ತರೆ ಓಡಿ ಬರುತ್ತಾಳೆ. ಅಶ್ವತ್ಥಾಮನ ಬ್ರಹ್ಮಾಸ್ತ್ರ ಅವಳ ಗರ್ಭವನ್ನು ಗುರಿಯಾಗಿಸಿ ಬರುತ್ತಿದೆ. ಅವಳು ಬೇಡಿದ್ದಾದರೂ ಏನು? ತನ್ನನ್ನು ಆ ಅಸ್ತ್ರ ಸುಟ್ಟರೂ ಸುಡಲಿ, ತನ್ನ ಗರ್ಭ ಮಾತ್ರ ಬೀಳದಿರಲಿ ಎಂದು. ಪ್ರಭುವು ತನ್ನ ಮಾಯೆಯಿಂದ ಆ ಗರ್ಭವನ್ನು ಆವರಿಸಿ ಕಾಪಾಡಿದನು. ಗರ್ಭದೊಳಗೆ ಬೇಯುತ್ತಿದ್ದ ಆ ಶಿಶುವು ತನ್ನ ಸುತ್ತಲೂ ಗದೆಯನ್ನು ತಿರುಗಿಸುತ್ತಿದ್ದ ಒಬ್ಬ ಪುರುಷನನ್ನು ಕಂಡಿತು. ಆ ಪುರುಷನ ಪ್ರಮಾಣ ಎಷ್ಟು? ಅಂಗುಷ್ಠಮಾತ್ರ, ಒಂದು ಹೆಬ್ಬೆರಳಿನಷ್ಟು! ಬ್ರಹ್ಮಾಂಡಗಳನ್ನು ಉದರದಲ್ಲಿ ಧರಿಸಿದವನು ಆ ಚಿಕ್ಕ ಶಿಶುವಿಗಾಗಿ ಅದಕ್ಕಿಂತಲೂ ಚಿಕ್ಕವನಾಗಿ ನಿಂತನು. ಹುಟ್ಟಿದ ಮೇಲೆ ಅದೇ ಶಿಶುವು, ಗರ್ಭದಲ್ಲಿ ಕಂಡವನು ಇವನೇನೋ ಇವನೇನೋ ಎಂದು ಎದುರಿಗೆ ಬಂದವರನ್ನೆಲ್ಲ ಪರೀಕ್ಷಿಸುತ್ತಿದ್ದುದರಿಂದ ಪರೀಕ್ಷಿತನೆನಿಸಿತು.

ಇಲ್ಲಿ ನಾವು ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಜೀವನು ಸ್ವರೂಪತಃ ಅಣುವೆಂಬುದು ನಮ್ಮ ಸಿದ್ಧಾಂತ. ಅವನ ಯೋಗ್ಯತೆಯನ್ನು ಯಾವ ಟೇಪೂ ಅಳೆಯಲಾರದು. ದೇಹ ಚಿಕ್ಕದಾದ ಮಾತ್ರಕ್ಕೆ ಜೀವನು ಕುಂದುವುದಿಲ್ಲ. ಎರಡನೆಯದು, ಉತ್ತರೆ ಮನೆಯ ಮೂಲೆಯಲ್ಲಿ ಕುಳಿತು ಅಳಲಿಲ್ಲ. ಅಪಾಯವನ್ನು ಕಂಡ ಕೂಡಲೇ ಎದ್ದು ಓಡಿದಳು, ಯಾರಲ್ಲಿ ಹೇಳಬೇಕೋ ಅವನಲ್ಲಿ ಹೇಳಿದಳು. ಹರಿಯೇ ರಕ್ಷಕನೆಂಬ ನಂಬಿಕೆ ಅವಳ ಕಾಲನ್ನು ಕಟ್ಟಲಿಲ್ಲ, ನಡೆಸಿತು. ಚಿಂತೆ ಬೇರೆ, ಎಚ್ಚರ ಬೇರೆ. ಚಿಂತೆ ಮನುಷ್ಯನನ್ನು ಕುಳ್ಳಿರಿಸುತ್ತದೆ; ಎಚ್ಚರ ಎಬ್ಬಿಸುತ್ತದೆ.

ಆ ಅಳತೆಯೆಂದರೆ ಏನೆಂಬುದನ್ನು ಸ್ವಲ್ಪ ತಿಳಿಯೋಣ. ಆರು ತಿಂಗಳ ಸುಮಾರಿನಿಂದ ಗರ್ಭಕೋಶದ ಕೆಳತುದಿಯ ಮೂಳೆಯಿಂದ ಮೇಲ್ತುದಿಯವರೆಗೆ ಟೇಪು ಹಿಡಿದರೆ, ಎಷ್ಟು ವಾರವೋ ಸುಮಾರು ಅಷ್ಟೇ ಸೆಂಟಿಮೀಟರು ಬರುತ್ತದೆ. ಎರಡು ಸೆಂಟಿಮೀಟರು ಹೆಚ್ಚುಕಡಮೆ ಸಹಜ. ಈ ತಾಯಿಗೆ 34ರ ಬದಲು 31 ಬಂದಿತ್ತು. ಹೀಗಾದಾಗ ಸ್ಕ್ಯಾನ್ ಮಾಡಿಸುತ್ತಾರೆ. ಸ್ಕ್ಯಾನಿನಲ್ಲಿ ಹೇಳುವ ತೂಕವೂ ಅಂದಾಜೇ. ನೂರಕ್ಕೆ ಹತ್ತು ಹದಿನೈದರಷ್ಟು ಆ ಕಡೆ ಈ ಕಡೆ ಆಗಬಹುದು. ದಿನದ ಲೆಕ್ಕ ತಪ್ಪಿದ್ದರೂ ಮಗು ಚಿಕ್ಕದೆಂದು ತೋರುತ್ತದೆ. ತಂದೆತಾಯಿಗಳು ಸಣ್ಣ ಮೈಕಟ್ಟಿನವರಾದರೆ ಮಗುವೂ ಸಣ್ಣದಾಗಿ, ಆದರೆ ಆರೋಗ್ಯವಾಗಿ ಇರುವುದುಂಟು. ಕೆಲವು ಗರ್ಭಗಳಲ್ಲಿ ಮಾತ್ರ ಮಾಸಿನ ಮೂಲಕ ರಕ್ತ ಸಾಕಷ್ಟು ಹರಿಯದೆ ಬೆಳವಣಿಗೆ ಕುಂಠಿತವಾಗುತ್ತದೆ. ಇದು ಯಾವುದು ಎಂದು ತಿಳಿಯಲು ವೈದ್ಯರು ಹೊಕ್ಕುಳಬಳ್ಳಿಯ ರಕ್ತದ ಹರಿವನ್ನು ಡಾಪ್ಲರ್ ಎಂಬ ಪರೀಕ್ಷೆಯಿಂದ ನೋಡುತ್ತಾರೆ. ಎರಡು ವಾರದ ಸುಮಾರಿಗೆ ಮತ್ತೆ ಸ್ಕ್ಯಾನ್ ಮಾಡಿ ಬೆಳವಣಿಗೆಯನ್ನು ಹೋಲಿಸುತ್ತಾರೆ. ಒಂದು ಅಳತೆ ತೀರ್ಪಲ್ಲ. ಹೆಚ್ಚು ಗಮನವಿಡಿ ಎಂಬ ಸೂಚನೆ. ಆದ್ದರಿಂದ ಹೇಳಿದ ದಿನದ ಪರೀಕ್ಷೆಯನ್ನು ಯಾವ ಕಾರಣಕ್ಕೂ ತಪ್ಪಿಸಬಾರದು. ಮಗುವಿನ ಚಲನೆ ಎಂದಿನಂತಿಲ್ಲ, ಕಡಮೆಯಾಯಿತು ಎಂದು ತಾಯಿಗೆ ಅನಿಸಿದರೆ ಬೆಳಗಾಗಲೆಂದು ಕಾಯದೆ ಆಗಲೇ ಆಸ್ಪತ್ರೆಗೆ ಹೋಗಬೇಕು. ರಾತ್ರಿ ಹೊತ್ತಾಯಿತು, ಗಂಡನು ಶಿಫ್ಟಿನಲ್ಲಿದ್ದಾನೆ ಎಂಬುದು ಕಾರಣವಾಗಬಾರದು. ಉತ್ತರೆ ಹೊತ್ತು ನೋಡಲಿಲ್ಲ.

ಇನ್ನು ಉಪವಾಸದ ವಿಚಾರ. ಏಕಾದಶಿಯ ಮಹಿಮೆಯನ್ನು ಶ್ರೀಮದಾಚಾರ್ಯರು ಕೃಷ್ಣಾಮೃತಮಹಾರ್ಣವದಲ್ಲಿ ಸಾರಿ ಹೇಳಿದ್ದಾರೆ. ಶಕ್ತರು ಅದನ್ನು ಬಿಡಲಾಗದು. ನಗರಕ್ಕೆ ಬಂದೆವೆಂದು ಸಡಿಲಿಸುವ ನೆಪವನ್ನು ನಾವು ಯಾರಿಗೂ ಕೊಡುತ್ತಿಲ್ಲ. ಆದರೆ ಮಹಾಭಾರತದ ಉದ್ಯೋಗಪರ್ವದಲ್ಲಿ ವ್ರತವನ್ನು ಕೆಡಿಸದ ಎಂಟು ಸಂಗತಿಗಳನ್ನು ಎಣಿಸಲಾಗಿದೆ: ನೀರು, ಗೆಡ್ಡೆ, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣನ ಇಚ್ಛೆ, ಗುರುವಿನ ಮಾತು, ಔಷಧ. ಕೊನೆಯ ಎರಡನ್ನು ನೋಡಿರಿ. ಹೊಟ್ಟೆ ಬರಿದಾಗಿಡಬಾರದು ಎಂದು ವೈದ್ಯರು ಹೇಳಿದ ಮೇಲೆ ಆ ತಾಯಿಯ ಆಹಾರವೇ ಔಷಧವಾಯಿತು. ಗುರುವಿನ ಮಾತನ್ನಂತೂ ಕೇಳಿಯೇ ಪಡೆಯಬೇಕು. ಅಂದೇ ಮಧ್ಯಾಹ್ನ ಅವರ ಮಠದ ಹಿರಿಯರಿಗೆ ದೂರವಾಣಿಯಲ್ಲಿ ವಿಜ್ಞಾಪಿಸಿದೆವು, ಅನುಮತಿ ದೊರೆಯಿತು. ಪ್ರತಿಯೊಬ್ಬರೂ ತಮ್ಮ ತಮ್ಮ ಗುರುಗಳಲ್ಲಿ ಹೀಗೆಯೇ ಕೇಳಿಕೊಳ್ಳಬೇಕು. ಕೇಳದೆ ಬಿಡುವುದೂ ತಪ್ಪು, ಕೇಳದೆ ಹಸಿದು ಕೂರುವುದೂ ತಪ್ಪು.

ಇದನ್ನು ಕೇಳಿದ ಅತ್ತೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಸೊಸೆಯ ಬಳಿ ಬಂದು, "ನಿನ್ನ ಪಾಲಿನ ಉಪವಾಸವನ್ನೂ ನಾನೇ ಸಂಕಲ್ಪ ಮಾಡುತ್ತೇನಮ್ಮಾ, ನೀನು ಉಣ್ಣು" ಎಂದರು. ಅಶಕ್ತರ ಪರವಾಗಿ ಮನೆಯವರು ವ್ರತ ಮಾಡುವುದಕ್ಕೆ ಧರ್ಮಶಾಸ್ತ್ರದಲ್ಲಿ ಅವಕಾಶವಿದೆ. ಆದರೆ ಅಂದು ಆ ಹಿರಿಯರು ಶಾಸ್ತ್ರ ನೋಡಿ ಆಡಿದ ಮಾತಲ್ಲ ಅದು. ನಾವು ಮಾಡಿದ ಪ್ರವಚನಕ್ಕಿಂತ ಆ ಒಂದು ಮಾತು ದೊಡ್ಡದಾಗಿತ್ತು.

ತಾಯಿ ಉಂಡು ಕುಡಿದದ್ದರಿಂದಲೇ ಗರ್ಭಸ್ಥ ಶಿಶುವಿನ ಧಾತುಗಳು ಬೆಳೆಯುತ್ತವೆಂದು ತೃತೀಯಸ್ಕಂಧದಲ್ಲಿ ಕಪಿಲರೂಪಿ ಭಗವಂತನೇ ದೇವಹೂತಿಗೆ ಉಪದೇಶಿಸಿದ್ದಾನೆ. ದೇಹದೊಳಗೆ ವೈಶ್ವಾನರನಾಗಿದ್ದು ಅನ್ನವನ್ನು ಪಚನಮಾಡುವವನೂ ಅವನೇ. ಹೀಗಿರುವಾಗ ಗರ್ಭಿಣಿಯ ಊಟವೆಂದರೆ ಇಬ್ಬರ ಅಂತರ್ಯಾಮಿಗೆ ಒಂದೇ ಎಲೆಯಲ್ಲಿ ಬಡಿಸಿದ ನೈವೇದ್ಯ. ಮಗು ಚಿಕ್ಕದಿದ್ದರೆ ಹೆರಿಗೆ ಸುಲಭವೆಂದು ಕೊನೆಯ ತಿಂಗಳುಗಳಲ್ಲಿ ಊಟ ಕಡಮೆ ಮಾಡಿಸುವ ಹಳೆಯ ರೂಢಿಯನ್ನು ಬಿಡಬೇಕು. ಚಾತುರ್ಮಾಸ್ಯದಲ್ಲಿ ತರಕಾರಿ, ಮೊಸರು, ಹಾಲು, ಬೇಳೆಗಳನ್ನು ಒಂದೊಂದು ತಿಂಗಳು ಬಿಡುವ ನಿಯಮವನ್ನೂ ಗರ್ಭಿಣಿಯ ಮಟ್ಟಿಗೆ ಗುರುಗಳಲ್ಲಿ ಕೇಳಿಕೊಳ್ಳಬೇಕು. ರಕ್ತಹೀನತೆಗೆ ಕೊಡುವ ಕಬ್ಬಿಣದ ಮಾತ್ರೆಯನ್ನು ಕಾಫಿಯ ಜೊತೆ ನುಂಗಿದರೆ ಅದು ಸರಿಯಾಗಿ ಮೈಗೆ ಹತ್ತುವುದಿಲ್ಲ. ಈ ಊರಿನ ಡಿಕಾಕ್ಷನ್ ಎಷ್ಟೇ ರುಚಿಯಾಗಿದ್ದರೂ ಎರಡರ ನಡುವೆ ಒಂದೆರಡು ಗಂಟೆ ಬಿಡಿರಿ. ಹೊಗೆಯಿಂದಲೂ ಗರ್ಭಕ್ಕೆ ಹಾನಿಯುಂಟು. ಚಿಮಣಿಯ ಹೊಗೆ ನಮ್ಮ ಕೈಯಲ್ಲಿಲ್ಲ. ಬಾಗಿಲು ಮುಚ್ಚಿದ ದೇವರಕೋಣೆಯ ಊದುಬತ್ತಿಯ ಹೊಗೆ ನಮ್ಮ ಕೈಯಲ್ಲಿದೆ. ಇಷ್ಟೆಲ್ಲ ಮಾಡಿದರೂ, ಮಾಸಿನ ದೋಷದಿಂದ ಮಗು ಚಿಕ್ಕದಾಗಿದ್ದರೆ ತುಪ್ಪ ಬಡಿಸಿದ ಮಾತ್ರಕ್ಕೆ ಅದು ಸರಿಹೋಗುವುದಿಲ್ಲವೆಂಬುದನ್ನೂ ತಿಳಿದಿರಬೇಕು. ಹಾಗಾಗಿಯೇ "ನೀನು ಸರಿಯಾಗಿ ಉಣ್ಣಲಿಲ್ಲ" ಎಂದು ಗರ್ಭಿಣಿಯನ್ನು ದೂರುವುದು ಅನ್ಯಾಯ.

ಇಂಥ ಮಾತುಗಳು ತವರಿನಿಂದ ದೂರವಿರುವವಳಿಗೆ ಇನ್ನೂ ಹೆಚ್ಚು ನೋವು ಕೊಡುತ್ತವೆ. ಪ್ರಹ್ಲಾದನ ತಾಯಿ ಕಯಾಧುವಿನ ಕಥೆಯನ್ನು ನೆನೆಯಿರಿ. ಗಂಡನು ತಪಸ್ಸಿಗೆ ಹೋಗಿದ್ದಾನೆ, ಮನೆ ಶತ್ರುಗಳ ಪಾಲಾಗಿದೆ. ನಾರದರು ಅವಳನ್ನು ತಮ್ಮ ಆಶ್ರಮಕ್ಕೆ ಕರೆದೊಯ್ದು, ನಿರ್ಭಯವಾಗಿ ಇರು ಎಂದು ಹೇಳಿ, ಧರ್ಮವನ್ನು ತಿಳಿಸುತ್ತ ಕಾಪಾಡಿದರು. ಪರಸ್ಥಳದಲ್ಲಿರುವ ಗರ್ಭಿಣಿಗೆ ಬೇಕಾದದ್ದು ಇದೇ: ಭಯವಿಲ್ಲದ ಒಂದು ಜಾಗ, ಒಳ್ಳೆಯ ಮಾತು. ಎಣ್ಣೂರಿನ ಆ ಮನೆಗೆ ರಾಯಚೂರಿನಿಂದ ತಾಯಿಯೇ ಬಂದು ನಿಂತರು. ಬರಲು ಯಾರೂ ಇಲ್ಲದ ಮನೆಗಳಲ್ಲಿ ನೆರೆಯ ಭಕ್ತರು ಸರದಿಯಂತೆ ಅಡುಗೆ ಕಳುಹಿಸಿದರೆ, ಆಸ್ಪತ್ರೆಗೆ ಜೊತೆಯಾದರೆ, ಅದು ನಾರದರ ಸೇವೆಯೇ ಸರಿ.

37 ವಾರ ತುಂಬಿದಾಗ ರಕ್ತದ ಹರಿವು ಕಡಮೆಯಾಗುತ್ತಿದೆ, ಇನ್ನು ಕಾಯುವುದು ಬೇಡವೆಂದು ವೈದ್ಯರು ಹೇಳಿದರು. ಅಂದು ಆಶ್ಲೇಷಾ ನಕ್ಷತ್ರ. "ಒಂದು ದಿನ ಮುಂದೂಡಬಹುದೇ?" ಎಂದು ಆ ಗೃಹಸ್ಥರು ನಮ್ಮನ್ನು ಕೇಳಿದರು. ಬೇಡವೆಂದೆವು. ನಕ್ಷತ್ರಕ್ಕೆ ಆಮೇಲೆ ಶಾಂತಿಯುಂಟು. ತಡಮಾಡಿದ್ದರಿಂದ ಆದ ಹಾನಿಗೆ ಶಾಂತಿಯಿಲ್ಲ. ಏಳನೆಯ ತಿಂಗಳ ಮಗು ಉಳಿಯುತ್ತದೆ, ಎಂಟನೆಯದು ಉಳಿಯದು ಎಂಬ ಮಾತೂ ಹೀಗೆಯೇ ಬಿಡತಕ್ಕದ್ದು. ಗರ್ಭದಲ್ಲಿ ಚೆನ್ನಾಗಿ ಬೆಳೆಯುತ್ತಿರುವ ಮಗುವಿಗೆ ಒಂದೊಂದು ವಾರವೂ ಬಲವನ್ನೇ ಕೂಡಿಸುತ್ತದೆ.

ಹೆಣ್ಣುಮಗು ಜನಿಸಿತು, 2 ಕಿಲೋ 100 ಗ್ರಾಂ. ಎರಡೂವರೆ ಕಿಲೋಕ್ಕಿಂತ ಕಡಮೆಯಾದುದರಿಂದ, ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಕಟ್ಟಿ ಬೆಚ್ಚಗಿಡಲು ಹೇಳಿದರು. 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾ ನಗರದಲ್ಲಿ ಆರಂಭವಾದ ಈ ಕ್ರಮವನ್ನು ಈಗ ಲೋಕವೆಲ್ಲ ಅನುಸರಿಸುತ್ತಿದೆ. ಮೊದಲು ಮಡಿಯ ಮಾತೆತ್ತಿದ ಅಜ್ಜಿಯರಿಬ್ಬರೂ ಆಮೇಲೆ ಸರದಿಯಂತೆ ಎದೆಗೊಡ್ಡಿದರು. ಚಿಕ್ಕದಾಗಿ ಹುಟ್ಟಿದ ಮಗುವಿನ ಮೇಲೆ ಮುಂದೆಯೂ ಗಮನ ಬೇಕು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ 1954ರವರೆಗೆ ಹುಟ್ಟಿದವರ ತೂಕದ ದಾಖಲೆಗಳನ್ನು ಹಿಡಿದು ಅವರನ್ನೇ ಹುಡುಕಿ ಪರೀಕ್ಷಿಸಿದಾಗ, ಕಡಮೆ ತೂಕದಲ್ಲಿ ಹುಟ್ಟಿದವರಲ್ಲಿ ನಡುವಯಸ್ಸು ದಾಟಿದ ಮೇಲೆ ಹೃದ್ರೋಗ ಹೆಚ್ಚೆಂದು ಕಂಡಿತು. ಆ ವರದಿ 1996ರಲ್ಲಿ ಪ್ರಕಟವಾಯಿತು. ಇದು ಹೆದರಿಸುವ ಮಾತಲ್ಲ. ಇಂದಿನ ಸೌಕರ್ಯಗಳಿಲ್ಲದ ಕಾಲದಲ್ಲಿ ಚಿಕ್ಕದಾಗಿ ಹುಟ್ಟಿ ಬೆಳೆದು ಬಾಳಿದವರೂ ಅವರಲ್ಲಿದ್ದರೆಂಬುದನ್ನು ನೆನೆದು, ಮಿತಾಹಾರ ಮತ್ತು ನಿಯಮಗಳಿಂದ ಮಗುವನ್ನು ಬೆಳೆಸಬೇಕೆಂಬುದಷ್ಟೇ ತಾತ್ಪರ್ಯ.

ಎಲ್ಲ ಮನೆಯಲ್ಲೂ ಹೀಗೆಯೇ ಸುಖವಾಗಿ ಮುಗಿಯುತ್ತದೆಂದು ನಾವು ಹೇಳಲಾರೆವು. ಸ್ವತಂತ್ರನು ಅವನೊಬ್ಬನೇ, ನಾವೆಲ್ಲ ಪರತಂತ್ರರು. ಮಗುವನ್ನು ಕಳೆದುಕೊಂಡ ತಾಯಂದಿರೂ ಇದನ್ನು ಓದುತ್ತಿರಬಹುದು. ಅಮ್ಮಂದಿರೇ, ಅದು ನಿಮ್ಮ ತಪ್ಪಿನ ಫಲವೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಆ ಜೀವನೊಡನೆಯೂ ಬಿಂಬರೂಪಿಯಾದ ಹರಿಯು ಇದ್ದನು, ಈಗಲೂ ಇದ್ದಾನೆ.

ತಿರುವಲ್ಲಿಕ್ಕೇಣಿಯ ಪಾರ್ಥಸಾರಥಿಯ ಉತ್ಸವಮೂರ್ತಿಯ ಮುಖದಲ್ಲಿ ಭೀಷ್ಮರ ಬಾಣಗಳ ಗುರುತುಗಳನ್ನು ನೀವೆಲ್ಲ ಕಂಡಿದ್ದೀರಿ. ಪಾರ್ಥನಿಗಾಗಿ ಮುಖವೊಡ್ಡಿದ ಆ ಪ್ರಭುವೇ ಪಾರ್ಥನ ಮೊಮ್ಮಗನಿಗಾಗಿ ಹೆಬ್ಬೆರಳಿನಷ್ಟಾಗಿ ಗರ್ಭದಲ್ಲಿ ನಿಂತವನು. ಮುಂದಿನ ಬಾರಿ ಅಲ್ಲಿಗೆ ಹೋದಾಗ, ಪರೀಕ್ಷೆಯ ದಿನವನ್ನು ಕಾಯುತ್ತಿರುವ ಎಲ್ಲ ಗರ್ಭಿಣಿಯರ ಪರವಾಗಿ ಉತ್ತರೆಯ ಮೊರೆಯನ್ನು ಅವನಿಗೆ ಮುಟ್ಟಿಸಿರಿ. ಮನೆಗೆ ಬಂದು ಅವರಿಗೆ ಹೊತ್ತಿಗೆ ಸರಿಯಾಗಿ ಊಟ ಬಡಿಸಿರಿ.

ಶ್ರೀಕೃಷ್ಣಾರ್ಪಣಮಸ್ತು