ತಡಮೆಯೂ ಟರ್ನ್‌ಸ್ಟೈಲೂ

ನಮ್ಮ ಕಾಸರಗೋಡಿನ ಅಡಕೆತೋಟಗಳ ಬೇಲಿಯಲ್ಲಿ ತಡಮೆ ಎಂಬುದೊಂದುಂಟು. ಮನುಷ್ಯನು ಕಾಲೆತ್ತಿ ದಾಟುವನು; ದನವು ದಾಟಲಾರದು. ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂಬ ವಿವೇಕವನ್ನು ಹಿರಿಯರು ಮರದ ತುಂಡುಗಳಿಗೆ ಒಪ್ಪಿಸಿದ್ದರು. ಮುದುಕಿಯರು ಅದನ್ನು ದಾಟುವಾಗ ಪಡುವ ಪಾಡನ್ನು ಮಾತ್ರ ಅವರು ಎಣಿಸಿದಂತೆ ಕಾಣದು.

ಇಂಗ್ಲಿಷಿನಲ್ಲಿ ತಡಮೆಗೆ ಸ್ಟೈಲ್ ಎನ್ನುವರು. ಅದು ತಿರುಗಿದರೆ ಟರ್ನ್‌ಸ್ಟೈಲು. ನಗರದ ಕಚೇರಿಗಳ ಬಾಗಿಲಲ್ಲಿ ನಿಂತಿರುವ ಈ ಯಂತ್ರವು ಮನುಷ್ಯರಲ್ಲಿಯೇ ಮನುಷ್ಯರನ್ನು ಆರಿಸುವುದು. ಸೊಂಟದೆತ್ತರದ ಮೂರು ತೋಳಿನದನ್ನು ಹಾರಿ ದಾಟಬಹುದಾದ್ದರಿಂದ ಕಾವಲುಗಾರನೂ ಬೇಕು. ಆಳೆತ್ತರದ್ದು ತಾನೇ ಕಾಯುವುದು. ಗಾಲಿಕುರ್ಚಿಯಲ್ಲಿ ಬರುವವರಿಗೆ ಎರಡೂ ಮುಚ್ಚಿದ ಬಾಗಿಲೇ. ಪಕ್ಕದಲ್ಲಿ ಅಗಲವಾದ ದಾರಿಯೊಂದು ಇರಲೇಬೇಕು.

ಆರಿಸುವವರು ಕಳ್ಳನೊಬ್ಬನನ್ನೇ ಕಣ್ಣೆದುರಿಗಿಟ್ಟುಕೊಂಡರೆ ಏನಾಗುವುದು? 1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಉಡುಪಿನ ಕಾರ್ಖಾನೆಗೆ ಬೆಂಕಿ ಬಿದ್ದಿತು. ಕೆಲಸದವರು ಬಟ್ಟೆ ಕದ್ದೊಯ್ಯದಂತೆ, ಹೊರಡುವಾಗ ಅವರ ಕೈಚೀಲಗಳನ್ನು ಪರೀಕ್ಷಿಸಲೆಂದು ಒಂದೇ ದಾರಿಯನ್ನು ತೆರೆದಿಡುತ್ತಿದ್ದರು. ಒಂಬತ್ತನೆಯ ಅಂತಸ್ತಿನ ಇನ್ನೊಂದು ಬಾಗಿಲಿಗೆ ಬೀಗವಿದ್ದಿತು. 146 ಮಂದಿ ಸತ್ತರು, ಹೆಚ್ಚಿನವರು ತರುಣಿಯರು. ಕಳವಾದುದರ ಬೆಲೆ 25 ಡಾಲರನ್ನು ಮೀರದೆಂದು ಒಡೆಯರಲ್ಲೊಬ್ಬನು ನ್ಯಾಯಾಲಯದಲ್ಲಿ ತಾನೇ ಒಪ್ಪಿಕೊಂಡನು.

ವಿದ್ಯುತ್ತು ನಿಂತೊಡನೆ ತೋಳು ತಾನಾಗಿ ಕೆಳಗೆ ಬಿದ್ದು ದಾರಿಬಿಡುವ ಟರ್ನ್‌ಸ್ಟೈಲುಗಳು ಈಗ ದೊರೆಯುತ್ತವೆ. ಅಂಥದನ್ನೇ ಕೊಳ್ಳಬೇಕೆಂದು ನಮ್ಮ ಅಭಿಪ್ರಾಯ. ಆ ಗಲಿಬಿಲಿಯಲ್ಲಿ ಕಳ್ಳನೂ ನುಸುಳಿಯಾನಲ್ಲವೆ ಎಂದು ಕೆಲವರು ಆಕ್ಷೇಪಿಸುವರು. ನುಸುಳಲಿ ಎನ್ನುತ್ತೇವೆ ನಾವು.