ಸಾಕಿದವರು ಯಾರು?

ಒಂದನೇ ಕ್ಲಾಸಿನ ಗೋಡೆಗೆ ಎರಡು ಚಾರ್ಟು. ಒಂದರಲ್ಲಿ ಸಾಕುಪ್ರಾಣಿಗಳು, ಇನ್ನೊಂದರಲ್ಲಿ ಕಾಡುಪ್ರಾಣಿಗಳು. ಮೊದಲನೆಯದರಲ್ಲಿ ಹಸು ದೊಡ್ಡದು, ಪಕ್ಕದಲ್ಲಿ ಕರು, ಆಮೇಲೆ ನಾಯಿ, ಬೆಕ್ಕು, ಕುದುರೆ. ಕುದುರೆಯನ್ನು ನಾವು ಕಂಡದ್ದು ಆ ಚಾರ್ಟಿನಲ್ಲಿ ಮಾತ್ರ. ಬೆಳಗಾದರೆ ನಮ್ಮ ಕೇರಿಯಲ್ಲಿ ಕಾಲಿಗೆ ತೊಡರುತ್ತಿದ್ದ ಹಂದಿ ಎರಡರಲ್ಲೂ ಇರಲಿಲ್ಲ.

"ನಿಮ್ಮನೇಲಿ ಏನ್ ಸಾಕಿದ್ದೀರ್ಲಾ?" ಎಂದು ಮೇಷ್ಟ್ರು ಕೇಳಿದರು. "ಹಂದಿ ಸಾ" ಎಂದೆವು. ಕ್ಲಾಸು ಗೊಳ್ಳೆಂದಿತು. ಮೇಷ್ಟ್ರೂ ನಕ್ಕರು. ಕೆಟ್ಟವರಲ್ಲ, ನಮಗೆ ಸ್ಲೇಟು ಕೊಡಿಸಿದವರೇ ಅವರು. ಆದರೂ ಆ ನಗುವಿನಲ್ಲಿ ನಮ್ಮವ್ವ ಕಲಗಚ್ಚು ಹುಯ್ದು ಸಾಕಿದ ಪ್ರಾಣಿ ಸಾಕುಪ್ರಾಣಿಯ ಪಟ್ಟಿಯಿಂದ ಹೊರಬಿತ್ತು. ಅದನ್ನು ಮಾರಿದ ದುಡ್ಡಲ್ಲೇ ಮುಂದೆ ನಮ್ಮ ಪಿಯುಸಿಯ ಫೀಸು ಕಟ್ಟಿದ್ದು.

ಗೆಳೆಯರೇ, ಪ್ರಾಣಿಶಾಸ್ತ್ರವನ್ನೇ ಕೇಳೋಣ. ಅದರ ಲೆಕ್ಕದಲ್ಲಿ ಊರಹಂದಿ, ಕಾಡುಹಂದಿ ಎರಡೂ ಒಂದೇ ಜಾತಿ. (ಜಾತಿ ಎಂಬ ಮಾತು ಅಲ್ಲಾದರೂ ನೆಟ್ಟಗಿದೆ.) ಮನುಷ್ಯ ಹಂದಿಯನ್ನು ಸಾಕಲು ಹಿಡಿದು ಸುಮಾರು 10,000 ವರ್ಷವಾಯಿತು. ಕುದುರೆ ಅವನ ಲಾಯಕ್ಕೆ ಬಂದದ್ದು ಅದಾಗಿ ಸಾವಿರಾರು ವರ್ಷದ ಮೇಲೆ. ಹಿಂದೆ ಬಂದದ್ದು ಗೋಡೆ ಹತ್ತಿತು, ಮುಂದೆ ಬಂದದ್ದು ಚರಂಡಿಯಲ್ಲೇ ಉಳಿಯಿತು.

ಹಾಗಾದರೆ ಈ ಗೆರೆ ಎಳೆದವರು ಯಾರು? ಆನೆ ಕಾಡುಪ್ರಾಣಿ ಎನ್ನುತ್ತದೆ ಚಾರ್ಟು. ಕಾಕನಕೋಟೆಯಲ್ಲಿ 1971ರವರೆಗೂ ಖೆಡ್ಡಾ ನಡೆಸಿ ಆನೆ ಹಿಡಿದರು. ಹಿಡಿದ ಆನೆ ದಸರೆಯಲ್ಲಿ ಅಂಬಾರಿ ಹೊತ್ತಿತು. ಅದನ್ನು ಮೀಯಿಸಿ, ಉಣ್ಣಿಸಿ, ಅದರ ಕಾಲ ಬುಡದಲ್ಲೇ ಮಲಗೇಳುವ ಮಾವುತರು, ಕಾವಾಡಿಗಳಲ್ಲಿ ಎಷ್ಟೋ ಜನ ಜೇನುಕುರುಬರು. 1972ರಲ್ಲಿ ವನ್ಯಜೀವಿ ಕಾಯಿದೆ ಬಂತು. ಕಾಡುಪ್ರಾಣಿಯನ್ನು ಉಳಿಸುವ ಹೆಸರಿನಲ್ಲಿ ನಾಗರಹೊಳೆಯಿಂದ ಅದೇ ಜೇನುಕುರುಬರ ಹಾಡಿಗಳನ್ನು ಎತ್ತಿಸಿದರು. ಕಾಡಿನ ಆನೆ ಊರಿಗೆ ಬಂದರೆ ಆರತಿ, ಕಾಡಿನ ಮನುಷ್ಯ ಕಾಡಲ್ಲೇ ಇದ್ದರೆ ಅತಿಕ್ರಮಣ!

ಮಹಾಡಿನ ಚವದಾರ್ ಕೆರೆಯಲ್ಲಿ ದನ ನೀರು ಕುಡಿಯಬಹುದಿತ್ತು, ಅಸ್ಪೃಶ್ಯರು ಮುಟ್ಟುವಂತಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಆ ಕೆರೆಗಿಳಿದು ಬೊಗಸೆಯಲ್ಲಿ ನೀರೆತ್ತಿದರು. ಆ ಊರಿನವರ ಪಟ್ಟಿಯಲ್ಲಿ ದನಕ್ಕೊಂದು ಜಾಗವಿತ್ತು. ದನ ಕಾಯುವವನಿಗೆ ಇರಲಿಲ್ಲ.

ಗೌಡ "ನಾನು ಸಾಕಿದ ಎತ್ತು" ಎನ್ನುತ್ತಾನೆ. ಕೊಟ್ಟಿಗೆ ಗುಡಿಸಿದ್ದು, ಹುಲ್ಲು ಹೊತ್ತದ್ದು, ಕಾಲುಬಾಯಿ ಜ್ವರ ಬಂದಾಗ ರಾತ್ರಿಯೆಲ್ಲ ಕೂತದ್ದು ಜೀತದ ಹುಡುಗ. ಒಡೆಯ ಒಬ್ಬ, ಸಾಕಿದವನು ಇನ್ನೊಬ್ಬ. ನಮ್ಮ ಶಾಲೆಗಳು ಒಡೆತನವನ್ನೇ ಸಾಕಣೆ ಎಂದು ಕಲಿಸುತ್ತಾ ಬಂದಿವೆ. ಆ ಚಾರ್ಟಿನಲ್ಲಿ ಮನುಷ್ಯರ ಚಿತ್ರವೇ ಇಲ್ಲ, ನೋಡಿ. ಕೈಯೊಂದನ್ನಾದರೂ ಬರೆಯಬಹುದಿತ್ತು.

ನಮ್ಮಲ್ಲಿ ಕೆಲವರು ಈಗ ಮೇಷ್ಟ್ರುಗಳು. ಮೊನ್ನೆ ಚಾರ್ಟನ್ನು ಗೋಡೆಗೇ ಬಿಟ್ಟು ಮಕ್ಕಳನ್ನು ಬೀದಿಗೆ ಕರೆದುಕೊಂಡು ಹೋದೆವು. ಕಂಡದ್ದನ್ನು ಬರೀರಿ ಎಂದೆವು. ಒಬ್ಬಳು ಓಡಿ ಬಂದಳು: "ಇಲೀನ ಯಾವ್ದ್ರಲ್ಲಿ ಬರೀಲಿ ಸಾ? ನಮ್ಮನೇಲೇ ಇರ್ತದೆ. ಆದ್ರೆ ನಾವು ಸಾಕಿಲ್ಲ." ನಮಗೆ ಉತ್ತರ ಹೊಳೆಯಲಿಲ್ಲ. ಇನ್ನೊಂದು ಗೆರೆ ಎಳಕೋ ಮಗಾ ಎಂದೆವು. ಆ ಮೂರನೆಯ ಸಾಲಿಗೆ ಇಲಿ, ಕಾಗೆ, ಹಲ್ಲಿ, ಬೀದಿನಾಯಿ ಎಲ್ಲ ಬಂದು ಕೂತವು.

ಹಿಂದಿನ ಸಾಲಿನ ಹುಡುಗನೊಬ್ಬ ಸ್ಲೇಟು ಮುಚ್ಚಿಕೊಂಡಿದ್ದ. ಈಸಿಕೊಂಡು ನೋಡಿದೆವು. 'ಹಂದಿ' ಎಂದು ಬರೆದು ಎಂಜಲು ಹಚ್ಚಿ ಒರೆಸಿದ್ದ, ಅಕ್ಷರ ಪೂರಾ ಹೋಗಿರಲಿಲ್ಲ. "ಯಾಕಪ್ಪಾ ಅಳಿಸ್ದೆ?" ಎಂದು ಕೇಳಿದೆವು. ಅವನು ಪಕ್ಕದವನ ಮುಖ ನೋಡಿದ.